ಇಪ್ಪತ್ತು ಅಂಕಿಗಳ ಒಂದು ಸಂಖ್ಯೆ: ಶ್ರುತಾಕ್ಷರ ಗಣನೆ ಮತ್ತು ಗ್ರಂಥಸಂಪಾದನೆ

ಪ್ರಾಚೀನ ಗ್ರಂಥಗಳಲ್ಲಿ ಬರುವ ದೊಡ್ಡ ಸಂಖ್ಯೆಗಳನ್ನು ಕನ್ನಡ ಸಂಶೋಧನೆ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕಂಡಿದೆ. ಒಂದು, ಅವು ಭಕ್ತಿಯ ಅತಿಶಯೋಕ್ತಿಗಳೆಂದು ಭಾವಿಸಿ ದಾಟಿಹೋಗುವುದು. ಇನ್ನೊಂದು, ಪ್ರಾಚೀನರ ಅಪಾರ ಜ್ಞಾನಕ್ಕೆ ಸಾಕ್ಷಿಯೆಂದು ಹೊಗಳಿ ನಿಲ್ಲುವುದು. ಈ ಎರಡು ನಿಲುವುಗಳಲ್ಲೂ ಸಂಖ್ಯೆಯನ್ನು ಲೆಕ್ಕ ಹಾಕಿ ನೋಡುವ ಕೆಲಸ ನಡೆಯುವುದಿಲ್ಲ. ಕರ್ನಾಟಕದ ಜೈನ ಪರಂಪರೆಯಲ್ಲಿ ಉಳಿದುಬಂದಿರುವ ಇಪ್ಪತ್ತು ಅಂಕಿಗಳ ಒಂದು ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು, ಅದರ ಗಣಿತ ಗುಣಗಳನ್ನು ವಿವರಿಸಿ, ಆ ಗುಣಗಳು ಪಾಠಪರಿಶೋಧನೆಗೆ ಹೇಗೆ ನೆರವಾಗುತ್ತವೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಂಖ್ಯೆಯೆಂಬುದು ಪಾಠದೊಳಗೆ ತನ್ನ ಪ್ರಮಾಣವನ್ನು ತಾನೇ ಹೊತ್ತಿರುವ ಏಕೈಕ ಅಂಶ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಚರ್ಚೆಯನ್ನು ಚಿತ್ರದುರ್ಗ ಜಿಲ್ಲೆಯಿಂದಲೇ ಆರಂಭಿಸಬಹುದು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು ೧೮೯೨ರಲ್ಲಿ ಪತ್ತೆಹಚ್ಚಿದ ಅಶೋಕನ ಲಘು ಶಿಲಾಶಾಸನದಲ್ಲಿ ೨೫೬ ಎಂಬ ಸಂಖ್ಯೆ ಬಂದಿದೆ. ಅದರ ಅರ್ಥದ ಬಗೆಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ನಮಗೆ ಇಲ್ಲಿ ಮುಖ್ಯವಾಗುವುದು ಅದನ್ನು ಬರೆದಿರುವ ಕ್ರಮ. ಅಲ್ಲಿ ಎರಡು, ಐದು, ಆರು ಎಂಬ ಅಂಕಿಗಳಿಲ್ಲ. ಇನ್ನೂರು, ಐವತ್ತು, ಆರು ಎಂಬ ಮೂರು ಪ್ರತ್ಯೇಕ ಸಂಕೇತಗಳಿವೆ. ಸ್ಥಾನಮೌಲ್ಯವಿಲ್ಲದ ಇಂಥ ಪದ್ಧತಿಯಲ್ಲಿ ಸಂಖ್ಯೆ ಬೆಳೆದಂತೆಲ್ಲ ಹೊಸ ಹೊಸ ಸಂಕೇತಗಳು ಬೇಕಾಗುತ್ತವೆ. ಸುಮಾರು ಹನ್ನೆರಡು ಶತಮಾನಗಳ ಬಳಿಕ ಅದೇ ಕನ್ನಡ ನೆಲದಲ್ಲಿ ಇಪ್ಪತ್ತು ಸ್ಥಾನಗಳ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೆಸರಿಸುವುದು ಸಾಧ್ಯವಾಯಿತು. ಆ ಸಂಖ್ಯೆಯನ್ನು ಕಟ್ಟುವ ಮೆಟ್ಟಿಲುಗಳಲ್ಲಿ ೨೫೬ ಕೂಡ ಒಂದು ಎಂಬುದು ಕೇವಲ ಆಕಸ್ಮಿಕ; ಅವೆರಡರ ನಡುವೆ ಐತಿಹಾಸಿಕ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೆ ಬರೆಯುವ ಕ್ರಮದಲ್ಲಾದ ಬದಲಾವಣೆಯನ್ನು ಗ್ರಹಿಸಲು ಬ್ರಹ್ಮಗಿರಿಯ ಬಂಡೆ ಉತ್ತಮ ನಿದರ್ಶನ.

೧. ಸಂಖ್ಯೆಯ ಉಗಮ

ಗಂಗರ ಮಂತ್ರಿಯೂ ಚಾವುಂಡರಾಯಪುರಾಣದ ಕರ್ತೃವೂ ಆದ ಚಾವುಂಡರಾಯನ ಕಾಲದಲ್ಲಿ, ಅಂದರೆ ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಪ್ರಾಕೃತದಲ್ಲಿ ಗೊಮ್ಮಟಸಾರವನ್ನು ರಚಿಸಿದನು. ಅದರ ಜೀವಕಾಂಡದಲ್ಲಿ ಶ್ರುತಜ್ಞಾನವನ್ನು ವಿವರಿಸುವ ಸಂದರ್ಭದಲ್ಲಿ ಶ್ರುತದ ಅಕ್ಷರಗಳು ಎಷ್ಟೆಂಬ ಪ್ರಶ್ನೆ ಏಳುತ್ತದೆ. ಇದೇ ಲೆಕ್ಕದ ಸೂತ್ರರೂಪ ಅದಕ್ಕಿಂತ ಬಹು ಹಿಂದಿನ ಷಟ್ಖಂಡಾಗಮದಲ್ಲಿಯೂ, ವಿವರಣೆ ವೀರಸೇನನ ಧವಲಾ ಟೀಕೆಯಲ್ಲಿಯೂ ದೊರೆಯುತ್ತವೆ.

ಲೆಕ್ಕದ ಆರಂಭ ವರ್ಣಮಾಲೆಯಿಂದ. ಮೂಲವರ್ಣಗಳು ಅರವತ್ತನಾಲ್ಕು: ವ್ಯಂಜನಗಳು ಮೂವತ್ತಮೂರು, ಅ, ಇ, ಉ, ಋ, ಌ, ಎ, ಐ, ಒ, ಔ ಎಂಬ ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತ ಭೇದಗಳಿಂದ ಇಪ್ಪತ್ತೇಳು, ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯಗಳೆಂಬ ಯೋಗವಾಹಗಳು ನಾಲ್ಕು. ಸಂಸ್ಕೃತದಲ್ಲಿಲ್ಲದ ಹ್ರಸ್ವ ಎ, ಒಗಳು ಈ ಎಣಿಕೆಯಲ್ಲಿ ಸೇರಿರುವುದನ್ನು ಕನ್ನಡ ವ್ಯಾಕರಣದ ಅಭ್ಯಾಸಿಗಳು ಗಮನಿಸಬೇಕು.

ಈ ಅರವತ್ತನಾಲ್ಕು ವರ್ಣಗಳಿಂದ ಎಷ್ಟು ಸಂಯೋಗಗಳು ಸಾಧ್ಯ ಎಂಬುದು ಮುಂದಿನ ಪ್ರಶ್ನೆ. ಒಂದೊಂದೇ ವರ್ಣವನ್ನು ತೆಗೆದುಕೊಂಡರೆ ೬೪. ಎರಡೆರಡನ್ನು ಕೂಡಿಸಿದರೆ ೨,೦೧೬. ಮೂರು ಮೂರನ್ನು ಕೂಡಿಸಿದರೆ ೪೧,೬೬೪. ನಾಲ್ಕು ನಾಲ್ಕಾದರೆ ೬,೩೫,೩೭೬. ಹೀಗೆ ಏರುತ್ತಾ ಮೂವತ್ತೆರಡರಲ್ಲಿ ಗರಿಷ್ಠ ಮುಟ್ಟಿ, ಅಲ್ಲಿಂದ ಏರಿದ ಕ್ರಮದಲ್ಲೇ ಇಳಿದು, ಅರವತ್ತನಾಲ್ಕೂ ಕೂಡಿದ ಸಂಯೋಗ ಒಂದೇ ಒಂದು ಎಂಬಲ್ಲಿಗೆ ಮುಗಿಯುತ್ತದೆ. ಇವೆಲ್ಲವನ್ನು ಬಿಡಿಯಾಗಿ ಎಣಿಸಿ ಕೂಡಿಸುವ ಅಗತ್ಯವಿಲ್ಲ. ಪ್ರತಿಯೊಂದು ವರ್ಣಕ್ಕೂ ಎರಡೇ ಅವಸ್ಥೆಗಳು: ಸಂಯೋಗದಲ್ಲಿ ಅದು ಇದೆ ಅಥವಾ ಇಲ್ಲ. ಆದ್ದರಿಂದ ಅರವತ್ತನಾಲ್ಕು ಎರಡುಗಳನ್ನು ಒಂದರೊಡನೊಂದು ಗುಣಿಸಿದರೆ ಎಲ್ಲ ಸಾಧ್ಯತೆಗಳೂ ದೊರೆಯುತ್ತವೆ. ಅವುಗಳಲ್ಲಿ ಯಾವ ವರ್ಣವೂ ಇಲ್ಲದ ಶೂನ್ಯಸಂಯೋಗವೊಂದನ್ನು ಕಳೆಯಬೇಕು. ಪ್ರಾಚೀನರು ಹೇಳುವ ವಿಧಾನವೂ ಇದೇ. ಅರವತ್ತನಾಲ್ಕನ್ನು ಒಂದೊಂದಾಗಿ ಹರಡುವುದು ವಿರಲನ. ಪ್ರತಿ ಒಂದಕ್ಕೂ ಎರಡನ್ನು ಕೊಡುವುದು ದೇಯ. ಬಳಿಕ ಪರಸ್ಪರ ಗುಣಿಸಿ ಒಂದನ್ನು ಕಳೆಯುವುದು. ದೊರೆಯುವ ಸಂಖ್ಯೆ ಇದು:

೧,೮೪,೪೬,೭೪,೪೦,೭೩,೭೦,೯೫,೫೧,೬೧೫

ಇಲ್ಲಿ ಒಂದು ಎಚ್ಚರ ಅಗತ್ಯ. ಈ ಎಣಿಕೆಯಲ್ಲಿ ವರ್ಣಗಳ ಅನುಕ್ರಮಕ್ಕೂ ಪುನರಾವೃತ್ತಿಗೂ ಸ್ಥಾನವಿಲ್ಲ. ಕಮಲ, ಕಲಮ ಎಂಬ ಎರಡು ಪದಗಳು ಇದರ ದೃಷ್ಟಿಯಲ್ಲಿ ಒಂದೇ ಸಂಯೋಗ. ಆದ್ದರಿಂದ ಇದು ಪದಗಳ ಎಣಿಕೆಯಲ್ಲ, ಯಾವುದೋ ಒಂದು ಗ್ರಂಥದಲ್ಲಿ ಬರೆದಿಟ್ಟ ಅಕ್ಷರಗಳ ಎಣಿಕೆಯೂ ಅಲ್ಲ. ವರ್ಣಸಮೂಹಗಳ ಸಾಧ್ಯತೆಯ ಎಣಿಕೆ. ಈ ವ್ಯತ್ಯಾಸವನ್ನು ಮರೆತಾಗಲೇ ಹೊಗಳಿಕೆಯೂ ತಿರಸ್ಕಾರವೂ ಹುಟ್ಟುತ್ತವೆ.

೨. ಗಣಿತ ಗುಣಗಳು

ಅರವತ್ತನಾಲ್ಕು ಬಾರಿ ಗುಣಿಸುವ ಶ್ರಮವನ್ನು ಕೇವಲ ಆರು ಹೆಜ್ಜೆಗಳಿಗೆ ಇಳಿಸಬಹುದು. ಎರಡರ ವರ್ಗ ೪. ಅದರ ವರ್ಗ ೧೬. ಅದರ ವರ್ಗ ೨೫೬. ಅದರ ವರ್ಗ ೬೫,೫೩೬. ಅದರ ವರ್ಗ ೪,೨೯,೪೯,೬೭,೨೯೬. ಅದರ ವರ್ಗ ನಮ್ಮ ಸಂಖ್ಯೆಗಿಂತ ಒಂದು ಹೆಚ್ಚು. ನೇಮಿಚಂದ್ರನ ತ್ರಿಲೋಕಸಾರದಲ್ಲಿ ಈ ಶ್ರೇಣಿಗೆ ದ್ವಿರೂಪವರ್ಗಧಾರಾ ಎಂಬ ಹೆಸರಿದೆ. ಇದರ ಕೊನೆಯ ಮೂರು ಪದಗಳಿಗೆ ಪರಂಪರೆ ಕೊಟ್ಟಿರುವ ಹೆಸರುಗಳು ಕುತೂಹಲಕರ: ಪಣ್ಣಟ್ಠಿ, ಬಾದಾಲ, ಏಕಟ್ಠಿ. ಪ್ರಾಕೃತದಲ್ಲಿ ಇವು ಕ್ರಮವಾಗಿ ಅರವತ್ತೈದು, ನಲವತ್ತೆರಡು ಮತ್ತು ಒಂದು-ಎಂಟು ಎಂಬುದನ್ನು ಸೂಚಿಸುತ್ತವೆ. ಅಂದರೆ ಪ್ರತಿ ಸಂಖ್ಯೆಯ ಮೊದಲೆರಡು ಅಂಕಿಗಳೇ ಅದರ ಹೆಸರು. ದೊಡ್ಡ ಸಂಖ್ಯೆಯನ್ನು ಅದರ ತಲೆಯಿಂದ ಗುರುತಿಸುವ ಈ ಪದ್ಧತಿ, ಸ್ಥಾನಮೌಲ್ಯದ ಬರವಣಿಗೆ ಎಷ್ಟು ರೂಢಿಯಾಗಿತ್ತೆಂಬುದಕ್ಕೆ ಭಾಷಿಕ ಸಾಕ್ಷ್ಯ.

ಧವಲೆಯಲ್ಲಿ ಬರುವ ಅರ್ಧಚ್ಛೇದ, ವರ್ಗಶಲಾಕಾ ಎಂಬ ಪರಿಭಾಷೆಗಳನ್ನು ಇಲ್ಲಿ ನೆನೆಯಬೇಕು. ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಬಾರಿ ಅರ್ಧಿಸಬಹುದೋ ಅದು ಅರ್ಧಚ್ಛೇದ. ಆ ಅರ್ಧಚ್ಛೇದದ ಅರ್ಧಚ್ಛೇದ ವರ್ಗಶಲಾಕಾ. ಏಕಟ್ಠಿಯ ಅರ್ಧಚ್ಛೇದ ೬೪, ವರ್ಗಶಲಾಕಾ ೬. ಇಂದಿನ ಗಣಿತದ ಭಾಷೆಯಲ್ಲಿ ಇವು ಎರಡನ್ನು ಆಧಾರವಾಗಿಟ್ಟುಕೊಂಡ ಲಾಗರಿತಮ್ ಮತ್ತು ಲಾಗರಿತಮಿನ ಲಾಗರಿತಮ್.

ಏಕಟ್ಠಿಯಿಂದ ಒಂದನ್ನು ಕಳೆದಾಗ ಸಂಖ್ಯೆಯ ಸ್ವಭಾವ ಪೂರ್ಣವಾಗಿ ಬದಲಾಗುತ್ತದೆ. ಏಕಟ್ಠಿಗೆ ಎರಡನ್ನುಳಿದು ಬೇರೆ ಅವಿಭಾಜ್ಯ ಅಪವರ್ತನವಿಲ್ಲ. ಅದಕ್ಕಿಂತ ಒಂದು ಕಡಿಮೆಯಾದ ಶ್ರುತಾಕ್ಷರ ಸಂಖ್ಯೆಗೆ ಏಳು ಬೇರೆ ಬೇರೆ ಅವಿಭಾಜ್ಯ ಅಪವರ್ತನಗಳಿವೆ: ೩, ೫, ೧೭, ೨೫೭, ೬೪೧, ೬೫,೫೩೭ ಮತ್ತು ೬೭,೦೦,೪೧೭. ಇದಕ್ಕೆ ಕಾರಣ ಸರಳ. ಯಾವುದೇ ವರ್ಗದಿಂದ ಒಂದನ್ನು ಕಳೆದರೆ, ಮೂಲಕ್ಕಿಂತ ಒಂದು ಕಡಿಮೆ ಮತ್ತು ಒಂದು ಹೆಚ್ಚು ಇರುವ ಎರಡು ಸಂಖ್ಯೆಗಳ ಗುಣಲಬ್ಧ ದೊರೆಯುತ್ತದೆ. ದ್ವಿರೂಪವರ್ಗಧಾರೆಯ ಪ್ರತಿ ಮೆಟ್ಟಿಲಿನಲ್ಲೂ ಇದನ್ನು ಅನ್ವಯಿಸಿದರೆ, ಎರಡರಿಂದ ಬಾದಾಲದವರೆಗಿನ ಒಂದೊಂದು ಪದಕ್ಕೂ ಒಂದನ್ನು ಕೂಡಿಸಿದ ಸಂಖ್ಯೆಗಳು ಅಪವರ್ತನಗಳಾಗಿ ಬರುತ್ತವೆ: ೩, ೫, ೧೭, ೨೫೭, ೬೫,೫೩೭ ಮತ್ತು ೪,೨೯,೪೯,೬೭,೨೯೭. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫೆರ್ಮಾ ಈ ರೂಪದ ಸಂಖ್ಯೆಗಳೆಲ್ಲವೂ ಅವಿಭಾಜ್ಯವೆಂದು ನಂಬಿದ್ದನು. ೧೭೩೨ರಲ್ಲಿ ಆಯ್ಲರ್, ಇವುಗಳಲ್ಲಿ ಕೊನೆಯದು ೬೪೧ರಿಂದ ಭಾಗವಾಗುತ್ತದೆಂದು ತೋರಿಸಿ ಆ ನಂಬಿಕೆಯನ್ನು ಮುರಿದನು. ಹೀಗೆ ಆಯ್ಲರನ ಪ್ರಸಿದ್ಧ ಅಪವರ್ತನಗಳು ಶ್ರುತಾಕ್ಷರ ಸಂಖ್ಯೆಯೊಳಗೂ ಅಡಗಿವೆ. ಇದರಿಂದ ನೇಮಿಚಂದ್ರನಿಗೆ ಇವು ತಿಳಿದಿದ್ದವೆಂದು ಹೇಳುವಂತಿಲ್ಲ. ಸಂಖ್ಯೆಯ ಗುಣ ಬೇರೆ, ಅದನ್ನು ಬಳಸಿದವರ ಅರಿವು ಬೇರೆ.

ಇನ್ನೊಂದು ಪ್ರಯೋಗವನ್ನು ಕನ್ನಡದ ದೃಷ್ಟಿಯಿಂದ ಮಾಡಿ ನೋಡಬಹುದು. ಕನ್ನಡ ವ್ಯಾಕರಣ ದೇಶೀಯವೆಂದು ಗುರುತಿಸುವ ಎ, ಒ, ಱ, ೞ, ಳ ಎಂಬ ಐದರಲ್ಲಿ ಮೊದಲೆರಡು ಈಗಾಗಲೇ ಅರವತ್ತನಾಲ್ಕರಲ್ಲಿ ಸೇರಿವೆ. ಉಳಿದ ಮೂರನ್ನು ಕೂಡಿಸಿದರೆ ವರ್ಣಗಳು ಅರವತ್ತೇಳಾಗುತ್ತವೆ. ಸಂಯೋಗಗಳು ಸುಮಾರು ಎಂಟು ಪಟ್ಟಾಗಿ ೧೪,೭೫,೭೩,೯೫,೨೫,೮೯,೬೭,೬೪,೧೨,೯೨೭ ಆಗುತ್ತವೆ. ೧೬೪೪ರಲ್ಲಿ ಮೆರ್ಸೆನ್ ಅವಿಭಾಜ್ಯವೆಂದು ಹೇಳಿದ್ದು ಇದೇ ಸಂಖ್ಯೆಯನ್ನು. ಅದು ವಿಭಾಜ್ಯವೆಂದು ೧೮೭೬ರಲ್ಲಿ ಲೂಕಾ ಸಾಧಿಸಿದನು; ೧೯೦೩ರಲ್ಲಿ ಕೋಲ್ ಅದರ ಅಪವರ್ತನಗಳಾದ ೧೯,೩೭,೦೭,೭೨೧ ಮತ್ತು ೭,೬೧,೮೩,೮೨,೫೭,೨೮೭ ಇವುಗಳನ್ನು ಪ್ರಕಟಿಸಿದನು. ಮೂರು ಅಕ್ಷರಗಳ ಹೆಚ್ಚಳ ಸಂಖ್ಯೆಯ ಗಾತ್ರವನ್ನಷ್ಟೇ ಅಲ್ಲದೆ ಅದರ ಒಳರಚನೆಯನ್ನೂ ಹೇಗೆ ಬದಲಿಸುತ್ತದೆಂಬುದಕ್ಕೆ ಇದು ನಿದರ್ಶನ: ಏಳು ಅಪವರ್ತನಗಳಿದ್ದ ಕಡೆ ಈಗ ಎರಡೇ ಉಳಿದಿವೆ.

೩. ಸಂಖ್ಯೆಯ ಗಾತ್ರ

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಆ ಪಟ್ಟಿಯಂತೆ ನಮ್ಮ ಸಂಖ್ಯೆಯ ಮೊದಲ ಅಂಕಿ ಇಪ್ಪತ್ತನೆಯದಾದ ಮಹಾಶಂಖ ಸ್ಥಾನದಲ್ಲಿ ನಿಲ್ಲುತ್ತದೆ. ಚದುರಂಗದ ಮಣೆಯ ಅರವತ್ತನಾಲ್ಕು ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಇಮ್ಮಡಿಸುತ್ತ ಕಾಳುಗಳನ್ನಿಟ್ಟರೆ ಬರುವ ಒಟ್ಟು ಮೊತ್ತವೂ ಇದೇ. ಕ್ರಿ.ಶ. ೧೦೦೦ದ ಸುಮಾರಿಗೆ ಅಲ್‌ಬಿರೂನಿ ಆ ಮೊತ್ತವನ್ನು ಲೆಕ್ಕ ಹಾಕಿದ್ದನು.

ತರಗತಿಯಲ್ಲಿ ಇದನ್ನು ವಿವರಿಸಲು ದೂರದ ಉಪಮಾನ ಬೇಕಾಗಿಲ್ಲ. ಹೊಸದುರ್ಗ, ಹೊಳಲ್ಕೆರೆ ಸೀಮೆಯ ರಾಗಿಯನ್ನೇ ತೆಗೆದುಕೊಳ್ಳೋಣ. ಒಂದು ಗ್ರಾಮಿಗೆ ಸುಮಾರು ನಾನೂರು ಕಾಳು, ಒಂದು ಘನಮೀಟರಿಗೆ ಸುಮಾರು ಏಳುನೂರ ಐವತ್ತು ಕಿಲೋಗ್ರಾಂ ಎಂದು ಹಿಡಿದರೆ, ಒಂದು ಘನಮೀಟರಿನಲ್ಲಿ ಮೂವತ್ತು ಕೋಟಿ ಕಾಳುಗಳಿರುತ್ತವೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ, ೧೯೦೭ರಲ್ಲಿ ಪೂರ್ಣಗೊಂಡ ವಾಣೀವಿಲಾಸ ಸಾಗರದ ಸಾಮರ್ಥ್ಯ ಸುಮಾರು ೩೦ ಟಿ.ಎಂ.ಸಿ. ಅಡಿ, ಅಂದರೆ ಸುಮಾರು ೮೫ ಕೋಟಿ ಘನಮೀಟರು. ಶ್ರುತಾಕ್ಷರಕ್ಕೊಂದು ರಾಗಿಕಾಳಿನಂತೆ ತುಂಬಿದರೆ ಅಂಥ ಸುಮಾರು ಎಪ್ಪತ್ತು ಜಲಾಶಯಗಳು ಬೇಕಾಗುತ್ತವೆ. ಎಣಿಸಿ ಬರೆಯಲು ಯಾರಿಗೂ ಸಾಧ್ಯವಿಲ್ಲದ್ದನ್ನು ಆರು ವರ್ಗಗಳ ಲೆಕ್ಕದಿಂದ ಕೊನೆಯ ಅಂಕಿಯವರೆಗೆ ಖಚಿತವಾಗಿ ಹೇಳಬಹುದೆಂಬುದೇ ಗಣಿತದ ಬಲ.

೪. ಪದಗಣನೆ ಮತ್ತು ಅದರ ಪರಿಶೋಧನೆ

ಪರಂಪರೆ ಇಲ್ಲಿಗೆ ನಿಲ್ಲುವುದಿಲ್ಲ. ಒಂದು ಮಧ್ಯಮಪದಕ್ಕೆ ೧೬೩೪ ಕೋಟಿ ೮೩ ಲಕ್ಷ ೭ ಸಾವಿರದ ೮೮೮ ಅಕ್ಷರಗಳೆಂದು ಹೇಳಿ, ಶ್ರುತಾಕ್ಷರ ಸಂಖ್ಯೆಯನ್ನು ಅದರಿಂದ ಭಾಗಿಸುತ್ತದೆ. ಭಾಗಲಬ್ಧವಾದ ೧೧೨ ಕೋಟಿ ೮೩ ಲಕ್ಷ ೫೮ ಸಾವಿರದ ೫ ದ್ವಾದಶಾಂಗಗಳ ಪದಸಂಖ್ಯೆ. ಉಳಿದ ಶೇಷ ೮ ಕೋಟಿ ೧ ಲಕ್ಷ ೮ ಸಾವಿರದ ೧೭೫ ಅಂಗಬಾಹ್ಯದ ಅಕ್ಷರಸಂಖ್ಯೆ. ಇಲ್ಲಿ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡ ನಾಲ್ಕು ಸಂಖ್ಯೆಗಳಿವೆ. ಅವು ಸರಿಯಾಗಿದ್ದರೆ, ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿಸಿದಾಗ ಮೊದಲಿನ ಸಂಖ್ಯೆಯೇ ಬರಬೇಕು. ಗುಣಿಸಿದಾಗ ದೊರೆಯುವುದು ೧,೮೪,೪೬,೭೪,೪೦,೭೩,೬೨,೯೪,೪೩,೪೪೦. ಇದಕ್ಕೆ ೮,೦೧,೦೮,೧೭೫ನ್ನು ಕೂಡಿಸಿದರೆ ಶ್ರುತಾಕ್ಷರ ಸಂಖ್ಯೆ ಒಂದಂಕಿಯೂ ಕದಲದೆ ದೊರೆಯುತ್ತದೆ.

ಪದಸಂಖ್ಯೆಗೆ ಇನ್ನೊಂದು ಕಡೆಯಿಂದಲೂ ತಾಳೆ ನೋಡಬಹುದು. ಆಚಾರಾಂಗಕ್ಕೆ ೧೮ ಸಾವಿರ, ಸೂತ್ರಕೃತಕ್ಕೆ ೩೬ ಸಾವಿರ, ಸ್ಥಾನಾಂಗಕ್ಕೆ ೪೨ ಸಾವಿರ ಎಂದು ಮೊದಲಾಗಿ ಹನ್ನೊಂದು ಅಂಗಗಳಿಗೆ ಹೇಳಿರುವ ಪದಗಳ ಮೊತ್ತ ೪,೧೫,೦೨,೦೦೦. ಹನ್ನೆರಡನೆಯದಾದ ದೃಷ್ಟಿವಾದಕ್ಕೆ ಹೇಳಿರುವುದು ೧,೦೮,೬೮,೫೬,೦೦೫. ಎರಡನ್ನೂ ಕೂಡಿಸಿದರೆ ೧,೧೨,೮೩,೫೮,೦೦೫. ಮೊದಲ ಹನ್ನೊಂದೂ ಪೂರ್ಣ ಸಾವಿರಗಳಲ್ಲಿರುವಾಗ ದೃಷ್ಟಿವಾದದಲ್ಲಿ ಮಾತ್ರ ಬಿಡಿಯಾದ ಐದು ಕಾಣಿಸುವುದು ಅರ್ಥಪೂರ್ಣ. ಭಾಗಾಕಾರದಿಂದ ಬಂದ ಮೊತ್ತಕ್ಕೆ ಹೊಂದುವಂತೆ ಲೆಕ್ಕವನ್ನು ಸರಿದೂಗಿಸಿದ ಸ್ಥಳ ಇದೇ ಎಂದು ಊಹಿಸಬಹುದು.

ಗ್ರಂಥಸಂಪಾದಕನಿಗೆ ಇದರ ಪ್ರಯೋಜನ ನೇರವಾದುದು. ಗಾಹೆಯಲ್ಲಿ ಇಪ್ಪತ್ತು ಅಂಕಿಗಳನ್ನು ಎಡದಿಂದ ಬಲಕ್ಕೆ, ದೊಡ್ಡ ಸ್ಥಾನದಿಂದ ಆರಂಭಿಸಿ ಹೇಳಲಾಗಿದೆ. ಶಬ್ದಸಂಖ್ಯೆಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬ, ಶಾಸನಾಭ್ಯಾಸಿಗಳಿಗೆ ಪರಿಚಿತವಾದ ವಾಮಗತಿಯ ನಿಯಮವನ್ನು ಇಲ್ಲಿ ಅನ್ವಯಿಸಿದರೆ ಸಂಖ್ಯೆ ತಲೆಕೆಳಗಾಗುತ್ತದೆ. ತಪ್ಪನ್ನು ಹಿಡಿಯಲು ಕೊನೆಯ ಅಂಕಿಯೊಂದೇ ಸಾಕು. ಎರಡನ್ನು ಎರಡರಿಂದಲೇ ಗುಣಿಸುತ್ತ ಹೋದಂತೆ ಕೊನೆಯ ಅಂಕಿಗಳು ೨, ೪, ೮, ೬ ಎಂದು ಆವರ್ತಿಸುತ್ತವೆ. ಅರವತ್ತನಾಲ್ಕು ನಾಲ್ಕರಿಂದ ಭಾಗವಾಗುವುದರಿಂದ ಕೊನೆಗೆ ೬ ಬರಬೇಕು. ಒಂದನ್ನು ಕಳೆದರೆ ೫. ತಿರುಗಿಸಿ ಓದಿದ ಸಂಖ್ಯೆ ೧ರಲ್ಲಿ ಮುಗಿಯುವುದರಿಂದ ಆ ಓದು ಅಗ್ರಾಹ್ಯ.

ಅಂಕಿಗಳಲ್ಲಿ ಬರೆದ ಪ್ರತಿಗಳಲ್ಲಿ ೬ ಮತ್ತು ೯ ಒಂದಕ್ಕೊಂದು ಬದಲಾಗುವ ಸಾಧ್ಯತೆ ಸದಾ ಇದೆ. ಇದಕ್ಕೆ ಒಂಬತ್ತರ ಪರೀಕ್ಷೆ ಸುಲಭ ಉಪಾಯ. ಶ್ರುತಾಕ್ಷರ ಸಂಖ್ಯೆಯ ಅಂಕಿಗಳ ಮೊತ್ತ ೮೭. ಅದನ್ನು ಮತ್ತೆ ಮತ್ತೆ ಕೂಡಿಸಿದರೆ ೬. ಭಾಜಕದಿಂದ ೨, ಭಾಗಲಬ್ಧದಿಂದ ೬, ಶೇಷದಿಂದ ೩ ದೊರೆಯುತ್ತವೆ. ಎರಡು ಆರಲೆ ಹನ್ನೆರಡು, ಅಂದರೆ ೩. ಅದಕ್ಕೆ ೩ ಕೂಡಿದರೆ ೬. ತಾಳೆ ಸರಿಯಾಗಿದೆ. ಆದರೆ ೦ ಮತ್ತು ೯ ಅದಲುಬದಲಾದರೆ ಅಥವಾ ಪಕ್ಕದ ಎರಡು ಅಂಕಿಗಳು ಸ್ಥಾನಪಲ್ಲಟವಾದರೆ ಈ ಪರೀಕ್ಷೆಗೆ ತಿಳಿಯದು. ಅವನ್ನು ಹನ್ನೊಂದರ ಪರೀಕ್ಷೆ ಹಿಡಿಯುತ್ತದೆ: ಬಲದಿಂದ ಬೆಸಸ್ಥಾನದ ಅಂಕಿಗಳ ಮೊತ್ತದಿಂದ ಸಮಸ್ಥಾನದ ಅಂಕಿಗಳ ಮೊತ್ತವನ್ನು ಕಳೆಯಬೇಕು. ನಮ್ಮ ಸಂಖ್ಯೆಯಲ್ಲಿ ೬೨ರಿಂದ ೨೫ನ್ನು ಕಳೆದರೆ ೩೭. ಹನ್ನೊಂದರಿಂದ ಭಾಗಿಸಿದರೆ ಶೇಷ ೪. ಅಂಗಬಾಹ್ಯದ ಸಂಖ್ಯೆಗೂ ಇದೇ ೪ ದೊರೆಯುತ್ತದೆ. ಆದರೆ ಮಧ್ಯಮಪದದ ಸಂಖ್ಯೆ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದ್ದರಿಂದ ಪದಸಂಖ್ಯೆಯಲ್ಲಿ ಏನೇ ತಪ್ಪಿದ್ದರೂ ಈ ಪರೀಕ್ಷೆ ಮೌನವಾಗಿರುತ್ತದೆ. ಅದಕ್ಕೆ ಒಂಬತ್ತರ ಪರೀಕ್ಷೆಯನ್ನೋ ಪೂರ್ಣ ಗುಣಾಕಾರವನ್ನೋ ಆಶ್ರಯಿಸಬೇಕು. ಯಾವ ಪರೀಕ್ಷೆ ಯಾವ ತಪ್ಪನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂಬ ತಿಳಿವು ಸಂಪಾದಕನಿಗೆ ಅತ್ಯಗತ್ಯ.

೫. ಕನ್ನಡದ ಪಾತ್ರ

ಈ ಲೆಕ್ಕ ನಮ್ಮವರೆಗೆ ಬಂದ ದಾರಿಯಲ್ಲಿ ಕನ್ನಡದ ಪಾತ್ರ ಹಿರಿದು. ಧವಲೆಯ ಓಲೆಗಳು ಉಳಿದುದು ಮೂಡಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಅದರ ಮುದ್ರಣ ಆರಂಭವಾದುದು ೧೯೩೯ರಲ್ಲಿ. ಗೊಮ್ಮಟಸಾರಕ್ಕೆ ಕೇಶವವರ್ಣಿಯು ಶಕ ೧೨೮೧ರಲ್ಲಿ, ಅಂದರೆ ಕ್ರಿ.ಶ. ೧೩೫೯ರಲ್ಲಿ, ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವೃತ್ತಿಯನ್ನು ಬರೆದನು. ಸಂಸ್ಕೃತದಲ್ಲಿರುವ ಅದೇ ಹೆಸರಿನ ಟೀಕೆಗೆ ಈ ಕನ್ನಡ ವೃತ್ತಿಯೇ ಆಧಾರವೆಂಬುದನ್ನು ಆ.ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಆ ಸಂಸ್ಕೃತ ಟೀಕೆಯನ್ನು ಅವಲಂಬಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲನು ತನ್ನ ದೇಶಭಾಷೆಯಲ್ಲಿ ಟೀಕೆ ರಚಿಸಿದನು. ಹೀಗೆ ಉನ್ನತ ಗಣಿತದ ವಿಷಯವೊಂದು ಕನ್ನಡದಿಂದ ಸಂಸ್ಕೃತಕ್ಕೆ, ಅಲ್ಲಿಂದ ಉತ್ತರದ ದೇಶಭಾಷೆಗೆ ಸಾಗಿದೆ. ಶಾಸ್ತ್ರಸಾಹಿತ್ಯದಲ್ಲಿ ಕನ್ನಡ ಸದಾ ಪಡೆಯುವ ಭಾಷೆಯೇ ಆಗಿತ್ತೆಂಬ ಗ್ರಹಿಕೆಯನ್ನು ಇದು ತಿದ್ದುತ್ತದೆ. ರಾಜಾದಿತ್ಯನ ವ್ಯವಹಾರಗಣಿತದಂಥ ಲೌಕಿಕ ಗಣಿತಗ್ರಂಥಗಳ ಜೊತೆಗೆ ಆಗಮಟೀಕೆಗಳಲ್ಲಿ ಅಡಗಿರುವ ಗಣಿತವನ್ನೂ ಕನ್ನಡ ಶಾಸ್ತ್ರಸಾಹಿತ್ಯದ ಚರಿತ್ರೆಯಲ್ಲಿ ಸೇರಿಸಿಕೊಳ್ಳಬೇಕಾಗಿದೆ.

ಜೊತೆಗೆ ಲೆಕ್ಕ ಸರಿಬಂದುದರಿಂದ ಏನು ಸಿದ್ಧವಾಗುತ್ತದೆ, ಏನು ಸಿದ್ಧವಾಗುವುದಿಲ್ಲ ಎಂಬುದನ್ನೂ ಸ್ಪಷ್ಟಪಡಿಸಬೇಕು. ಈ ಸಂಖ್ಯೆಗಳು ಪರಸ್ಪರ ಹೊಂದುತ್ತವೆ, ಪ್ರತಿಕಾರರ ಕೈಯಲ್ಲಿ ಕೆಡದೆ ಉಳಿದಿವೆ ಎಂಬುದು ಸಿದ್ಧ. ಅಷ್ಟು ಅಕ್ಷರಗಳ ಗ್ರಂಥರಾಶಿಯೊಂದು ಬರೆಹದಲ್ಲಿ ಇತ್ತೆಂಬುದು ಇದರಿಂದ ಸಿದ್ಧವಾಗದು.

ಇದೇ ತತ್ತ್ವ ನಮ್ಮ ಸ್ಥಳೀಯ ಸಂಶೋಧನೆಗೂ ಅನ್ವಯಿಸುತ್ತದೆ. ಚಿತ್ರದುರ್ಗ ಜ��ಲ್ಲೆಯ ಶಾಸನಗಳಿಗೆ ಮೀಸಲಾದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟದಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಮುಂದೆ ಸಿಗಬಹುದಾದ ಬರೆಹಗಳಲ್ಲಾಗಲಿ, ಶಕವರ್ಷ, ಸಂವತ್ಸರ, ತಿಥಿ, ವಾರಗಳು ಜೊತೆಯಾಗಿ ಬಂದಾಗ ಅವೂ ಒಂದನ್ನೊಂದು ಪರೀಕ್ಷಿಸುವ ಸಂಖ್ಯೆಗಳೇ. ಗತಶಕವರ್ಷಕ್ಕೆ ಹನ್ನೆರಡನ್ನು ಕೂಡಿಸಿ ಅರವತ್ತರಿಂದ ಭಾಗಿಸಿದರೆ ಉಳಿಯುವ ಶೇಷ, ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಾಂಕ. ಶಕ ೧೨೮೧ಕ್ಕೆ ಶೇಷ ೩೩, ಅಂದರೆ ವಿಕಾರಿ ಸಂವತ್ಸರ. ಒಡೆದುಹೋದ ಕಲ್ಲಿನಲ್ಲಿ ಶಕವರ್ಷದ ಒಂದಂಕಿ ಅಳಿಸಿದ್ದರೂ ಸಂವತ್ಸರದ ಹೆಸರು ಉಳಿದಿದ್ದರೆ, ಅಳಿದ ಅಂಕಿಯನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದು. ಗತವರ್ಷ, ವರ್ತಮಾನವರ್ಷಗಳ ಒಂದು ವರ್ಷದ ವ್ಯತ್ಯಾಸವನ್ನು ಮಾತ್ರ ಪ್ರತಿ ಬಾರಿಯೂ ಗಮನದಲ್ಲಿಟ್ಟುಕೊಳ್ಳಬೇಕು.

ಶಬ್ದಪಾಠವನ್ನು ನಿರ್ಣಯಿಸಲು ಸಂಪಾದಕನಿಗೆ ಛಂದಸ್ಸು, ವ್ಯಾಕರಣ, ಪ್ರತ್ಯಂತರಗಳ ನೆರವಿದೆ. ಸಂಖ್ಯಾಪಾಠಕ್ಕೆ ಇವುಗಳ ಜೊತೆಗೆ ಗುಣಾಕಾರ ಭಾಗಾಕಾರಗಳ ನೆರವೂ ಇದೆ. ಒಂದೇ ಪ್ರತಿ ಉಳಿದಿದ್ದಾಗಲೂ ಆ ನೆರವು ತಪ್ಪುವುದಿಲ್ಲ. ಆದುದರಿಂದ ಹಸ್ತಪ್ರತಿ ಮತ್ತು ಶಾಸನಶಾಸ್ತ್ರದ ಪಠ್ಯಕ್ರಮಗಳಲ್ಲಿ ಸಂಖ್ಯಾಪರಿಶೋಧನೆಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡುವುದು ಅಪೇಕ್ಷಣೀಯ. ಅದಕ್ಕೆ ಉನ್ನತ ಗಣಿತದ ಪರಿಣತಿ ಬೇಕಾಗಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಕಲಿತ ಲೆಕ್ಕವನ್ನು ಪಾಠದ ಮೇಲೆ ಪ್ರಯೋಗಿಸುವ ತಾಳ್ಮೆ ಸಾಕು.